ಹಣ್ಣಿನ ಸಿಹಿಯೇ ಸಾಕು, ಮಗುವಿಗೆ

ಮೇ ತಿಂಗಳ ಎರಡನೇ ವಾರ. ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಎರಡು ಸ್ಟೀಲ್ ಹರಿವಾಣ, ಅವುಗಳ ಮೇಲೆ ತೆಳ್ಳಗಿನ ಮಲ್ ಬಟ್ಟೆ, ಬಟ್ಟೆಯ ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಪಕ್ಕದಲ್ಲಿ ಆರು ವರ್ಷದ ಮಗಳು ಕುಕ್ಕರಗಾಲಲ್ಲಿ ಕೂತಿದ್ದಾಳೆ. ಬಟ್ಟೆಯ ಅಂಚು ಎತ್ತಿ, ತೋರುಬೆರಳಿನಿಂದ ಹಳದಿ ರಸವನ್ನು ಮೆಲ್ಲಗೆ ಒತ್ತುತ್ತಾಳೆ. ಅಂಟಿದ್ದನ್ನು ನೆಕ್ಕುತ್ತಾಳೆ.

"ಅಜ್ಜೀ, ಆಯ್ತಾ?"

"ಇಲ್ಲ ಮಗಾ. ಬೆರಳಿಗೆ ಇನ್ನೂ ಅಂಟುತ್ತದಲ್ಲ? ಅಂಟದೆ ಇದ್ದ ದಿನ ಆಯ್ತು ಅಂತ ಲೆಕ್ಕ."

ಈ ಕೆಲಸದ ಮೊದಲ ವರ್ಷ, ಪುತ್ತೂರಿನ ಕಡೆಯಿಂದ ಬಂದಿದ್ದ ನನ್ನ ಅಮ್ಮನ ಚೀಲದಲ್ಲಿ ಬಟ್ಟೆಬರೆಗಿಂತ ಕಾಟುಮಾವಿನ ಹಣ್ಣೇ ಹೆಚ್ಚು. ಬಸ್ಸಿನಲ್ಲಿ ರಾತ್ರಿಯಿಡೀ ಘಮಘಮಿಸಿಕೊಂಡು ಬಂದ ಆ ಹಣ್ಣುಗಳನ್ನು ಹೊರತೆಗೆಯುತ್ತಲೇ ಅಮ್ಮ ಹೇಳಿದ್ದು ಒಂದೇ ಮಾತು: "ಇಲ್ಲಿ ಬಿಸಿಲು ಉಂಟಲ್ಲ, ಮಾಂಬಳ ಮಾಡುವ." ಮಾಂಬಳವೆಂದರೆ ಮಾವಿನ ರಸವನ್ನು ಬಿಸಿಲಲ್ಲಿ ಒಣಗಿಸಿ ಮಾಡುವ ಹಾಳೆ. ಹಾಗೆ ಶುರುವಾಯಿತು ನಮ್ಮ ಮನೆಯ ಹಣ್ಣಿನ ತಿಂಡಿಗಳ ಕಥೆ. ಮೂರು ಬೇಸಗೆಗಳಿಂದ ನಡೆದಿರುವ ಈ ಕೆಲಸದಿಂದ ನನಗೆ ತಿಳಿದದ್ದು ಇಷ್ಟು: ಮಗುವಿನ ನಾಲಿಗೆಗೆ ಎಷ್ಟು ಸಿಹಿ ಸಾಕು ಎಂಬುದು ತೀರ್ಮಾನವಾಗುವುದು ಮನೆಯಲ್ಲಿ. ಆ ತೀರ್ಮಾನವನ್ನು ಅಂಗಡಿಗೆ ಬಿಟ್ಟುಕೊಡಬಾರದು.

ಪೊಟ್ಟಣದ ಹಿಂದಿನ ಬರಹ

ಯಾರದೋ ಹುಟ್ಟುಹಬ್ಬದ ದಿನ ಮಗಳ ಶಾಲಾ ಚೀಲದಲ್ಲಿ ಒಂದು ಬಣ್ಣದ ಪೊಟ್ಟಣ ಬಂದಿತ್ತು. ಮುಂಭಾಗದಲ್ಲಿ ಸ್ಟ್ರಾಬೆರಿ, ಮಾವು, ಕಿತ್ತಳೆಗಳ ರಸ ತೊಟ್ಟಿಕ್ಕುವ ಚಿತ್ರ. ಹಿಂದೆ ತಿರುಗಿಸಿ ಓದಿದರೆ ಮೊದಲ ಹೆಸರು ಸಕ್ಕರೆ, ಎರಡನೆಯದು ಗ್ಲೂಕೋಸ್ ಸಿರಪ್. ಆಮೇಲೆ ಜೆಲ್ ಆಗಿಸುವ ಪದಾರ್ಥ, ಹುಳಿ, ಬಣ್ಣ, ಸುವಾಸನೆ. ಹಣ್ಣಿನ ಸರದಿ ಬಂದದ್ದು ಬಹುತೇಕ ಕೊನೆಯಲ್ಲಿ. ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಗೆ ಒಂದು ನಿಯಮ ಇದೆ. ತೂಕದಲ್ಲಿ ಯಾವುದು ಹೆಚ್ಚೋ ಅದು ಮೊದಲು, ಕಡಿಮೆಯದು ಕೊನೆಗೆ. ಇಷ್ಟು ಗೊತ್ತಿದ್ದರೆ ಚಿತ್ರಕ್ಕೆ ಯಾರೂ ಮರುಳಾಗಬೇಕಿಲ್ಲ.

ಹಣ್ಣಿನ ಪಾನೀಯಗಳದೂ ಇದೇ ಕಥೆ. ಡಬ್ಬಿ ತೆರೆದು ನೇರ ಕುಡಿಯುವ ಹಣ್ಣಿನ ಪಾನೀಯದಲ್ಲಿ ಹಣ್ಣಿನ ರಸ ಕನಿಷ್ಠ ಶೇ 10ರಷ್ಟು ಇದ್ದರೆ ನಮ್ಮ ದೇಶದ ನಿಯಮಕ್ಕೆ ಸಾಕು, ನಿಂಬೆಯದಾದರೆ ಶೇ 5. ಅಂದರೆ 200 ಮಿ.ಲೀ. ಮಾವಿನ ಪಾನೀಯದಲ್ಲಿ 20 ಮಿ.ಲೀ. ರಸವಿದ್ದರೂ ನಿಯಮ ಪಾಲಿಸಿದಂತೆಯೇ. ಅದು ನಾಲ್ಕು ಟೀ ಚಮಚ. ಉಳಿದದ್ದು ಬಹುಪಾಲು ನೀರು ಮತ್ತು ಸಕ್ಕರೆ. ರಸವನ್ನು ಗಟ್ಟಿ ಮಾಡಿಟ್ಟು ಮತ್ತೆ ನೀರು ಬೆರೆಸಿ ತಯಾರಿಸಿದ ಪಾನೀಯಕ್ಕೂ 'ಶೇ 100 ಹಣ್ಣಿನ ರಸ' ಎಂದು ಹಾಕಿಕೊಳ್ಳುತ್ತಿದ್ದ ಕಂಪನಿಗಳಿಗೆ, ಲೇಬಲ್‌ನಿಂದಲೂ ಜಾಹೀರಾತಿನಿಂದಲೂ ಆ ಮಾತನ್ನು ತೆಗೆಯಿರಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಸೂಚಿಸಿತು. ಮರುವರ್ಷ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ 'ಶುಗರ್ ಬೋರ್ಡ್' ಹಾಕಲು ಹೇಳಿತು. ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಎಂದು ಮಕ್ಕಳ ಕಣ್ಣಿಗೇ ಬೀಳುವಂತೆ ಬರೆದಿಡುವ ಫಲಕ ಅದು. ಮಕ್ಕಳಲ್ಲಿ ಮಧುಮೇಹ ಹೆಚ್ಚುತ್ತಿರುವ ಆತಂಕ ಇದರ ಹಿಂದಿದೆ.

ಫಲಕ ಹಾಕಿದ್ದು ಒಳ್ಳೆಯದೇ. ಆದರೆ ಫಲಕ ಮಾಹಿತಿಯನ್ನಷ್ಟೇ ಕೊಡುತ್ತದೆ. ಸಂಜೆ ನಾಲ್ಕಕ್ಕೆ ಹಸಿದು ಬಂದ ಮಗುವಿನ ಕೈಗೆ ಏನು ಕೊಡಬೇಕು ಎಂಬುದಕ್ಕೆ ಉತ್ತರ ಅಡುಗೆಮನೆಯಲ್ಲೇ ಸಿಗಬೇಕು.

ಚಾಪೆಯ ಮೇಲೆ ಮಾವು

ನಮ್ಮ ಹಿರಿಯರು ಆ ಉತ್ತರವನ್ನು ಅಂಗಳದಲ್ಲಿ ಒಣಹಾಕಿದ್ದರು. ದಕ್ಷಿಣ ಕನ್ನಡದ ಮನೆಗಳಲ್ಲಿ ಮಾವಿನ ಕಾಲ ಬಂತೆಂದರೆ ಓಲೆ ಚಾಪೆ ಹೊರಬರುತ್ತಿತ್ತು. ಮುಂಜಾನೆ ಮರದಡಿ ಬಿದ್ದ ಕಾಟುಮಾವಿನ ಹಣ್ಣುಗಳನ್ನು ಹೆಕ್ಕಿ, ತೊಳೆದು, ಹಿಂಡಿ, ನಾರು ಸೋಸಿ, ರಸವನ್ನು ಚಾಪೆಯ ಮೇಲೆ ತೆಳ್ಳಗೆ ಎರೆಯುವುದು. ಸಂಜೆ ಚಾಪೆ ಒಳಗೆ. ಮರುದಿನ ಒಣಗಿದ ಪದರದ ಮೇಲೆ ಇನ್ನೊಂದು ಪದರ. ಹೀಗೆ ಹತ್ತು ಹನ್ನೆರಡು ದಿನ ಎರೆದರೆ ಬೆರಳುಗಾತ್ರದ ಮಾಂಬಳ. ಕತ್ತರಿಸಿ, ಕಟ್ಟಿ, ಒಲೆಯ ಹೊಗೆ ತಾಗುವ ಅಟ್ಟದಲ್ಲಿಟ್ಟರೆ ಆಟಿ ತಿಂಗಳ ಮಳೆಯಲ್ಲಿ ಮಕ್ಕಳ ಬಾಯಿಗೆ ತುಂಡು, ದೊಡ್ಡವರ ಅನ್ನಕ್ಕೆ ಗೊಜ್ಜು.

ನನ್ನ ಅಜ್ಜಿಯ ಮನೆಯ ಮಾಂಬಳದ ಒಂದು ನೆನಪು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಲುಮೈ ನುಣುಪು, ಕಪ್ಪು ಕಂದು. ತಿರುಗಿಸಿದರೆ ಕೆಳಮೈಯಲ್ಲಿ ಚಾಪೆಯ ಹೆಣಿಗೆ ಗೆರೆಗೆರೆಯಾಗಿ ಅಚ್ಚೊತ್ತಿರುತ್ತಿತ್ತು. ಆ ಗೆರೆಗಳನ್ನು ನಾಲಿಗೆಯಿಂದ ಸವರುತ್ತಾ ಒಂದು ತುಂಡನ್ನು ಅರ್ಧ ಗಂಟೆ ತಿನ್ನುತ್ತಿದ್ದೆವು. ಅದಕ್ಕೆ ಸಕ್ಕರೆ ಬಿದ್ದಿರಲಿಲ್ಲ, ಬಿದ್ದಿಲ್ಲ ಎಂದು ನಮಗೆ ಅನ್ನಿಸಲೂ ಇಲ್ಲ.

ಈ ಕಲೆ ಕರಾವಳಿಯೊಂದರ ಸೊತ್ತಲ್ಲ. ಕೊಂಕಣಿಗರಿಗೆ ಇದು ಸಾಟ, ಆಂಧ್ರದವರಿಗೆ ಮಾಮಿಡಿ ತಾಂಡ್ರ, ಬಂಗಾಳಕ್ಕೆ ಆಮ್‌ಸತ್ತ್ವ, ಉತ್ತರದವರಿಗೆ ಆಮ್ ಪಾಪಡ್. ಮೈಸೂರಿನಲ್ಲಿ 1950ರಲ್ಲಿ ಶುರುವಾದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೇ ತತ್ವವನ್ನು ಹಿಡಿದು, ಹಣ್ಣಿನ ತಿರುಳನ್ನು ತಟ್ಟೆಗಳಲ್ಲಿ ಹರಡಿ ಬಿಸಿಗಾಳಿಯಲ್ಲಿ ಒಣಗಿಸುವ ಫ್ರೂಟ್ ಬಾರ್ ತಂತ್ರಜ್ಞಾನವನ್ನು ಉದ್ಯಮಗಳಿಗೆ ಒದಗಿಸಿದೆ. ಚಾಪೆಯಾದರೂ ಯಂತ್ರವಾದರೂ ಒಳಗೆ ನಡೆಯುವುದು ಒಂದೇ. ಮಾವಿನ ತಿರುಳಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ನೀರು ಹೋದರೆ ಹಣ್ಣಿನದೇ ಸಕ್ಕರೆ, ಹಣ್ಣಿನದೇ ಹುಳಿ ಒತ್ತಾಗಿ ಉಳಿದು ಬೂಸ್ಟಿಗೂ ಬ್ಯಾಕ್ಟೀರಿಯಾಕ್ಕೂ ಬದುಕಲು ಬೇಕಾದ ತೇವ ಸಿಗುವುದಿಲ್ಲ. ಹಣ್ಣು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ.

ಊರಿಗೊಂದು ಹಣ್ಣು, ಹಣ್ಣಿಗೊಂದು ತಿಂಡಿ

ಯಲ್ಲಾಪುರ, ಶಿರಸಿ ಸೀಮೆಗೆ ಹೋದರೆ ಸುಕೇಳಿ ಸಿಗುತ್ತದೆ. ಚೆನ್ನಾಗಿ ಕಳಿತ ಬಾಳೆಹಣ್ಣಿನ ಸಿಪ್ಪೆ ಸುಲಿದು ಬಿಸಿಲಲ್ಲಿ ದಿನಗಟ್ಟಲೆ ಒಣಗಿಸಿದ್ದು. ಹೊರಗೆ ಜೇನಿನ ಬಣ್ಣ, ಒಳಗೆ ಅಂಟು ಅಂಟಾದ ಮೆತ್ತನೆ ಸಿಹಿ. ಗೊನೆಯೊಂದು ಒಮ್ಮೆಲೇ ಹಣ್ಣಾಗಿ ಮನೆಯವರಿಗೆ ತಿಂದು ಮುಗಿಸಲಾಗದೆ ಹೋದಾಗ ಹುಟ್ಟಿದ ಜಾಣತನ ಅದು. ಬಾಳೆ ದರ ನೆಲಕಚ್ಚಿದ 2021ರಲ್ಲಿ 'ಅಡಿಕೆ ಪತ್ರಿಕೆ'ಯ ಶ್ರೀ ಪಡ್ರೆಯವರು ಹುರಿದುಂಬಿಸಿದ 'ಬಾಕಾಹು' ಚಳವಳಿಯೂ ಇದೇ ಜಾಣತನದ ಮುಂದುವರಿಕೆ. ಬಾಳೆಕಾಯಿಯನ್ನು ಹೆಚ್ಚಿ, ಒಣಗಿಸಿ, ಹುಡಿ ಮಾಡಿ ರೊಟ್ಟಿ, ದೋಸೆ, ಉಂಡೆಗೆ ಬಳಸುವುದನ್ನು ಆಗ ನೂರಾರು ಗೃಹಿಣಿಯರು ತಮ್ಮ ಮನೆಗಳಲ್ಲೇ ಮಾಡಿ ತೋರಿಸಿದರು.

ಹಲಸಿಗೆ ಬೇರೆಯೇ ದಾರಿ. ಸೊಳೆಯನ್ನು ಬೇಯಿಸಿ, ಅರೆದು, ಉರುಳಿಯಲ್ಲಿ ತಳ ಹಿಡಿಯದಂತೆ ಗಂಟೆಗಟ್ಟಲೆ ಸಟ್ಟುಗ ಆಡಿಸಿ ಗಟ್ಟಿ ಮಾಡಿದರೆ ಬೆರಟಿ. ಅದು ಭರಣಿಯಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಬೇಕೆಂದಾಗ ಒಂದು ಉಂಡೆ ತೆಗೆದು ಪಾಯಸಕ್ಕೂ ಹಾಕಬಹುದು. ಹಸಿ ಹಣ್ಣಿನ ಸೊಳೆಯನ್ನೇ ಅಕ್ಕಿಯ ಜತೆ ತರಿಯಾಗಿ ರುಬ್ಬಿ ಬಾಳೆಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ಹಲಸಿನ ಕೊಟ್ಟಿಗೆ. ಹಣ್ಣು ಚೆನ್ನಾಗಿ ಕಳಿತಿದ್ದರೆ ಅದಕ್ಕೆ ಬೆಲ್ಲ ಬೇಕೆಂದೇ ಇಲ್ಲ.

ಬಯಲುಸೀಮೆಯೂ ಹಿಂದೆ ಬಿದ್ದಿಲ್ಲ. ವಿಜಯಪುರದ ದ್ರಾಕ್ಷಿ ತೋಟಗಳ ಪಕ್ಕದ ಶೆಡ್‌ಗಳಲ್ಲಿ ಬಲೆಯ ಮೇಲೆ ಬಲೆ ಕಟ್ಟಿ ನೆರಳಲ್ಲಿ ದ್ರಾಕ್ಷಿ ಒಣಗಿಸುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪೊರೆ ಸಡಿಲವಾಗಿ ನೀರು ಬೇಗ ಹೋಗಲೆಂದು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಮೊದಲು ಅದ್ದುತ್ತಾರೆ. ಆದ್ದರಿಂದ ಒಣದ್ರಾಕ್ಷಿಯನ್ನು ಮಕ್ಕಳಿಗೆ ಕೊಡುವ ಮೊದಲು ಬಿಸಿನೀರಲ್ಲಿ ತೊಳೆಯುವುದು ಒಳ್ಳೆಯ ಅಭ್ಯಾಸ. ರಾತ್ರಿ ನೆನೆಸಿಟ್ಟರೆ ಮೆತ್ತಗಾಗಿ ಸಣ್ಣ ಮಕ್ಕಳಿಗೆ ಅಗಿಯಲೂ ಸುಲಭ.

ಈ ತಿಂಡಿಗಳೆಲ್ಲ ಹಣ್ಣು ಹಾಳಾಗಬಾರದು ಎಂಬ ಕಾಳಜಿಯಿಂದ ಹುಟ್ಟಿದಂಥವು. ಆರೋಗ್ಯ ಅದರ ಜತೆಗೇ ಬಂತು.

ಬೆಲ್ಲ ಹಾಕಿದರೆ ಪರವಾಗಿಲ್ಲವೇ?

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. 'ನಾವು ಸಕ್ಕರೆ ಹಾಕುವುದಿಲ್ಲ, ಬೆಲ್ಲ ಹಾಕುತ್ತೇವೆ, ಜೇನು ಹಾಕುತ್ತೇವೆ' ಎಂದು ಅನೇಕ ತಾಯಂದಿರು ನೆಮ್ಮದಿಯಿಂದ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಆದರೆ ಬೆಲ್ಲದ ಬಹುಪಾಲು ಸಕ್ಕರೆಯೇ. ಅದರಲ್ಲಿರುವ ಖನಿಜಾಂಶ ಮಗುವಿನ ಅಗತ್ಯಕ್ಕೆ ಸಾಲುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ನಾವು ಬೆರೆಸುವ ಸಕ್ಕರೆಯ ಜತೆಗೆ ಜೇನು, ಸಿರಪ್ಪು, ಹಿಂಡಿದ ಹಣ್ಣಿನ ರಸದ ಸಕ್ಕರೆಯನ್ನೂ ಒಂದೇ ಲೆಕ್ಕಕ್ಕೆ ಹಾಕಿದೆ. ಇವೆಲ್ಲ ಸೇರಿ ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ರೊಳಗೆ ಇದ್ದರೆ ಇನ್ನೂ ಲೇಸು ಎನ್ನುತ್ತದೆ.

ದಿನಕ್ಕೆ ಸುಮಾರು 1,350 ಕ್ಯಾಲೊರಿ ಬೇಕಾಗುವ ಐದು ವರ್ಷದ ಮಗುವಿಗೆ ಇದನ್ನು ಅನ್ವಯಿಸಿ ನೋಡಿ. ಶೇ 10 ಎಂದರೆ ಸುಮಾರು 34 ಗ್ರಾಂ, ಎಂಟು ಟೀ ಚಮಚ. ಶೇ 5 ಎಂದರೆ ನಾಲ್ಕೇ ಚಮಚ. ಬೆಳಗಿನ ಹಾಲಿಗೆ ಒಂದು ಚಮಚ, ಎರಡು ಬಿಸ್ಕತ್ತು, ಸಂಜೆ ಒಂದು ಪುಟ್ಟ ಡಬ್ಬಿ ಪಾನೀಯ ಎಂದರೆ ಶೇ 5ರ ಲೆಕ್ಕ ಆಗಲೇ ಮೀರಿರುತ್ತದೆ.

ಇಡೀ ಹಣ್ಣಿನ ಸಕ್ಕರೆ ಈ ಲೆಕ್ಕದಲ್ಲಿ ಬರುವುದಿಲ್ಲ. ಅದು ಹಣ್ಣಿನ ಜೀವಕೋಶಗಳೊಳಗೆ ನಾರಿನ ಜತೆ ಕೂತಿರುತ್ತದೆ. ಮಗು ಕಚ್ಚಿ, ಅಗಿದು, ನುಂಗಿ, ಹೊಟ್ಟೆ ತುಂಬಿತೆಂದು ನಿಲ್ಲಿಸುವಷ್ಟು ಹೊತ್ತು ಅದು ಕೊಡುತ್ತದೆ. ಮೂರು ಕಿತ್ತಳೆ ತಿನ್ನಲಾರದ ಮಗು ಮೂರು ಕಿತ್ತಳೆಯ ರಸವನ್ನು ಎರಡು ನಿಮಿಷದಲ್ಲಿ ಕುಡಿದುಬಿಡುತ್ತದೆ. ಆದ್ದರಿಂದ ನಮ್ಮ ಮನೆಯ ಕ್ರಮ ಹೀಗೆ: ಮೊದಲ ಸ್ಥಾನ ಕೈಯಲ್ಲಿ ಹಿಡಿದು ತಿನ್ನುವ ಹಣ್ಣಿಗೆ, ಎರಡನೆಯದು ಒಣಗಿಸಿದ್ದಕ್ಕೆ, ಮೂರನೆಯದು ಬೇಯಿಸಿದ್ದಕ್ಕೆ, ಕೊನೆಯದು ರಸಕ್ಕೆ. ಮಾಂಬಳವೂ ಮಿತಿಯಲ್ಲೇ ಇರಬೇಕು. ನಾಲ್ಕೈದು ಕಿಲೋ ತಿರುಳು ಒಣಗಿ ಒಂದು ಕಿಲೋ ಆಗುವಾಗ ಸಿಹಿಯೂ ಅಷ್ಟೇ ಪಟ್ಟು ಒತ್ತಾಗಿರುತ್ತದೆ. ಮಗುವಿನ ಅಂಗೈಯಲ್ಲಿ ಹಿಡಿಸುವ ಒಂದು ತುಂಡು ದಿನಕ್ಕೆ ಧಾರಾಳ. ಹಲ್ಲಿಗೆ ಅಂಟುವ ತಿನಿಸಾದ್ದರಿಂದ ತಿಂದ ಮೇಲೆ ಬಾಯಿ ಮುಕ್ಕಳಿಸಬೇಕು.

ಒಣಗಿಸುವಾಗ, ಬೇಯಿಸುವಾಗ ಸಿ ಜೀವಸತ್ವದ ದೊಡ್ಡ ಪಾಲು ಹೋಗುತ್ತದೆ ಎಂಬುದೂ ನೆನಪಿರಲಿ. ಅದಕ್ಕಾಗಿಯೇ ತಾಜಾ ಹಣ್ಣಿನ ಜಾಗವನ್ನು ಬೇರಾವುದೂ ತುಂಬಲಾರದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ನಾವು ತಿನ್ನುವ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. 100 ಗ್ರಾಂ ಸೀಬೆಹಣ್ಣಿನಲ್ಲಿ ಇದು 200 ಮಿ.ಗ್ರಾಂ.ಗೂ ಹೆಚ್ಚು, ಕಿತ್ತಳೆಗಿಂತ ಎಷ್ಟೋ ಪಾಲು ಮಿಗಿಲು. ತಳ್ಳುಗಾಡಿಯ ಸೀಬೆಹಣ್ಣನ್ನು ತಂದು, ತೊಳೆದು, ನಾಲ್ಕು ಹೋಳು ಮಾಡಿ ಚಿಟಿಕೆ ಉಪ್ಪು ಉದುರಿಸಿ ಊಟದ ಜತೆ ಕೊಡುವುದಕ್ಕಿಂತ ಅಗ್ಗದ ಪೋಷಣೆ ನನಗೆ ಗೊತ್ತಿಲ್ಲ.

ಮಾಡುವ ಬಗೆ

*ತಾರಸಿಯ ಮಾಂಬಳ:* ರಸಪುರಿ, ಬಾದಾಮಿ, ನಾಟಿ ಹಣ್ಣು ಯಾವುದೂ ಆದೀತು, ಪೂರ್ತಿ ಕಳಿತಿರಬೇಕು. ಎರಡು ಕಿಲೋ ಹಣ್ಣಿನ ತಿರುಳು ತೆಗೆದು, ಮಿಕ್ಸಿಯಲ್ಲಿ ನೀರು ಹಾಕದೆ ಅರೆದು, ಜರಡಿಯಲ್ಲಿ ನಾರು ಸೋಸಿ. ಎರಡು ಚಮಚ ನಿಂಬೆರಸ ಸೇರಿಸಿ ದಪ್ಪ ತಳದ ಬಾಣಲೆಯಲ್ಲಿ ಕುದಿ ಬರಿಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಯಾಡಿಸಿ. ಕುದಿಸಿದರೆ ಸೂಕ್ಷ್ಮಜೀವಿಗಳು ಸಾಯುತ್ತವೆ, ಬಣ್ಣ ಕಪ್ಪಾಗುವುದೂ ಕಡಿಮೆ. ಹರಿವಾಣಕ್ಕೆ ತುಪ್ಪ ಸವರಿ, ರಸವನ್ನು ನೀರುದೋಸೆಗಿಂತ ತುಸು ದಪ್ಪವಾಗಿ ಹರಡಿ. ಮಲ್ ಬಟ್ಟೆ ಮುಚ್ಚಿ ಬಿಸಿಲಿಗಿಡಿ, ಸಂಜೆ ಒಳಗೆ ತನ್ನಿ. ಎರಡು ಮೂರು ಬಿಸಿಲಿನಲ್ಲಿ ಅಂಚು ತಾನಾಗಿ ಏಳುತ್ತದೆ. ಬಿಸಿಲಿಲ್ಲದ ಊರಲ್ಲಿ ಓವನ್ನನ್ನು 70 ಡಿಗ್ರಿಯ ಆಸುಪಾಸಿಗಿಟ್ಟು, ಬಾಗಿಲು ಸ್ವಲ್ಪ ತೆರೆದು, ಐದಾರು ಗಂಟೆ ಇಡಬಹುದು.

ಮೊದಲ ವರ್ಷ ನಮ್ಮ ಮಾಂಬಳಕ್ಕೆ ಬೂಸ್ಟು ಬಂದಿತ್ತು. ಮಧ್ಯಾಹ್ನದ ಮಳೆಗೆ ಹೆದರಿ ಅವಸರದಲ್ಲಿ ತೆಗೆದು, ಬಿಸಿ ಆರುವ ಮೊದಲೇ ಡಬ್ಬಿಗೆ ಹಾಕಿದ್ದೆ. ಒಳಗಿನ ಹಬೆ ಮುಚ್ಚಳದಿಂದ ಇಳಿದು ಎಲ್ಲವನ್ನೂ ಕೆಡಿಸಿತು. ಈಗ ಪೂರ್ತಿ ಆರಿಸಿ, ಬೆಣ್ಣೆ ಕಾಗದದಲ್ಲಿ ಸುತ್ತಿ, ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡುತ್ತೇನೆ. ಬೂಸ್ಟಿನ ಒಂದು ಚುಕ್ಕೆ ಕಂಡರೂ ಅದನ್ನು ಕೆರೆದು ಉಳಿದದ್ದನ್ನು ಕೊಡಬಾರದು, ಎಲ್ಲವನ್ನೂ ಎಸೆಯಬೇಕು.

*ಸೀಬೆಹಣ್ಣಿನ ಪಟ್ಟಿ:* ಸೀಬೆಯಲ್ಲಿ ಪೆಕ್ಟಿನ್ ಎಂಬ ಅಂಟು ಸಹಜವಾಗಿಯೇ ಧಾರಾಳ. ಹೋಳುಗಳನ್ನು ಸ್ವಲ್ಪ ನೀರಲ್ಲಿ ಬೇಯಿಸಿ, ಮಸೆದು, ಬೀಜ ಸೋಸಿ, ತಿರುಳನ್ನು ತಳ ಬಿಡುವ ತನಕ ಕಾಯಿಸಿ ತಟ್ಟೆಗೆ ಹರಡಿ ಒಣಗಿಸಿದರೆ ಪಟ್ಟಿ ಚೆನ್ನಾಗಿ ಏಳುತ್ತದೆ. ಪಪ್ಪಾಯಿಯಂಥ ಸಪ್ಪೆ ಹಣ್ಣಿಗೆ ಮೂರನೇ ಒಂದು ಪಾಲು ಸೀಬೆ ತಿರುಳು ಬೆರೆಸಿದರೆ ಅದೂ ಗಟ್ಟಿಯಾಗಿ, ರುಚಿಯೂ ಏರುತ್ತದೆ.

*ಬಾಳೆ–ರಾಗಿ ಉಂಡೆ:* ಘಮ್ಮೆನ್ನುವಂತೆ ಹುರಿದ ರಾಗಿ ಹಿಟ್ಟು ಒಂದು ಲೋಟ, ಬೀಜ ತೆಗೆದು ಅರೆದ ಆರೇಳು ಖರ್ಜೂರ, ಹುರಿದು ಪುಡಿ ಮಾಡಿದ ಕಡಲೆಬೀಜ ಅರ್ಧ ಲೋಟ, ಚಿಟಿಕೆ ಏಲಕ್ಕಿ. ಇದನ್ನು ಕಲಸಲು ಕಪ್ಪು ಚುಕ್ಕೆ ಬಿದ್ದ ಏಲಕ್ಕಿ ಬಾಳೆಹಣ್ಣೇ ಸಾಕು. ಬಾಳೆಹಣ್ಣು ಹಾಕಿದ್ದರಿಂದ ಅದೇ ದಿನ ತಿಂದು ಮುಗಿಸಬೇಕು.

*ಲೋಟದ ಐಸ್ ಕ್ಯಾಂಡಿ:* ಕಲ್ಲಂಗಡಿ ತಿರುಳು, ಇಲ್ಲವೇ ಗಟ್ಟಿ ಮೊಸರಿನ ಜತೆ ಅರೆದ ಮಾವು ಅಥವಾ ಸಪೋಟ. ಸಣ್ಣ ಸ್ಟೀಲ್ ಲೋಟಕ್ಕೆ ಸುರಿದು, ಗಟ್ಟಿಯಾಗತೊಡಗಿದಾಗ ಕಡ್ಡಿ ಚುಚ್ಚಿ ಮತ್ತೆ ಫ್ರೀಜರಿಗೆ. ತೆಗೆಯುವಾಗ ಲೋಟವನ್ನು ನಲ್ಲಿ ನೀರಿಗೆ ಹಿಡಿದರೆ ಕ್ಯಾಂಡಿ ಜಾರಿ ಬರುತ್ತದೆ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಅದಕ್ಕೆಂದು ಸಕ್ಕರೆ ಸುರಿಯದೆ, ಹೆಚ್ಚು ಕಳಿತ ಹಣ್ಣನ್ನು ಆರಿಸಿ.

ಇಷ್ಟು ಎಚ್ಚರ

ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬೇಡಿ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಕೂಸಿನ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರಬಲ್ಲವು. ಆ ವಯಸ್ಸಿಗೆ ಹಣ್ಣಿನ ರಸವೂ ಬೇಡ. ಐದು ವರ್ಷದೊಳಗಿನ ಮಕ್ಕಳಿಗೆ ದ್ರಾಕ್ಷಿಯನ್ನು ಇಡಿಯಾಗಿ ಕೊಡದೆ ಉದ್ದಕ್ಕೆ ಸೀಳಿ ಕೊಡಿ, ಗೋಡಂಬಿ, ಬಾದಾಮಿ, ಕಡಲೆಬೀಜ ಪುಡಿ ಮಾಡಿಯೇ ಕೊಡಿ. ಗಂಟಲಿಗೆ ಸಿಕ್ಕಿಕೊಂಡರೆ ಕ್ಷಣಗಳಲ್ಲಿ ಅನಾಹುತ. ಓಡುತ್ತಾ ತಿನ್ನಲು ಬಿಡಬೇಡಿ. ಹಣ್ಣು ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದನ್ನು ಕಾನೂನು ನಿಷೇಧಿಸಿದೆ. ಮಾವಿನ ಕಾಲ ಶುರುವಾಗುವ ಮೊದಲೇ ಸಿಗುವ, ಹೊರಗೆ ಹೊಳೆಯುವ ಹಳದಿಯಿದ್ದು ಒಳಗೆ ಬಿಳಿಚಿದ, ವಾಸನೆಯಿಲ್ಲದ ಹಣ್ಣನ್ನು ಬಿಡುವುದೇ ಕ್ಷೇಮ. ಕಾಯಿ ತಂದು ಹುಲ್ಲಿನಲ್ಲೋ ಅಕ್ಕಿಡಬ್ಬಿಯಲ್ಲೋ ಇಟ್ಟು ಮಾಗಿಸಿದರೆ ಆ ಚಿಂತೆಯೇ ಇಲ್ಲ.

ಒಂದು ಹಣ್ಣನ್ನು ಮಗು ಬೇಡವೆಂದು ತಳ್ಳಿದರೆ ಬೇಸರಿಸಬೇಡಿ. ಹೊಸ ರುಚಿಯನ್ನು ಒಪ್ಪಿಕೊಳ್ಳಲು ಮಕ್ಕಳಿಗೆ ಎಂಟು ಹತ್ತು ಸಲವಾದರೂ ಅದು ಎದುರಿಗೆ ಬರಬೇಕಾಗುತ್ತದೆ. ನನ್ನ ಮಗಳು ಪಪ್ಪಾಯಿಯನ್ನು ಮೂಸಿ ಕೂಡ ನೋಡುತ್ತಿರಲಿಲ್ಲ. ಅದರ ಕಪ್ಪು ಬೀಜಗಳನ್ನು ಚಮಚದಿಂದ ಕೆರೆದು ತೆಗೆಯುವ ಕೆಲಸ ಅವಳಿಗೆ ಕೊಟ್ಟೆ, ತಿನ್ನು ಎನ್ನಲಿಲ್ಲ. ನಾಲ್ಕನೇ ವಾರ ಚಮಚದಲ್ಲಿ ಉಳಿದ ತಿರುಳು ತಾನಾಗಿ ಬಾಯಿಗೆ ಹೋಯಿತು.

ಬೆರಳಿನ ಗುರುತು

ಈ ಸಲ ಹರಿವಾಣ ಬಿಸಿಲಿಗಿಟ್ಟ ನಾಲ್ಕನೆಯ ದಿನ ಬೆಳಗ್ಗೆ ಮಗಳು ಎದ್ದವಳೇ ತಾರಸಿಗೆ ಓಡಿದಳು. ಬಟ್ಟೆ ಎತ್ತಿ ಬೆರಳೊತ್ತಿದಳು. ಅಂಟಲಿಲ್ಲ. "ಅಜ್ಜೀ, ಆಯ್ತು!" ಎಂದು ಕೂಗಿದ್ದು ಕೆಳಗಿನ ಮನೆಯವರಿಗೂ ಕೇಳಿಸಿರಬೇಕು.

ಅಮ್ಮ ಚಾಕುವಿನ ತುದಿಯಿಂದ ಅಂಚು ಬಿಡಿಸಿ, ನಿಧಾನಕ್ಕೆ ಎಳೆದರು. ಹರಿವಾಣದಷ್ಟಗಲದ ಹಾಳೆ ಒಂದೇ ಆಗಿ ಎದ್ದುಬಂತು. ಸೂರ್ಯನಿಗೆ ಹಿಡಿದರೆ ಜೇನುಬಣ್ಣದ ಬೆಳಕು. ಸ್ಟೀಲಿಗೆ ತಾಗಿದ್ದ ಮೈ ಕನ್ನಡಿಯಂತೆ ನುಣುಪಾಗಿತ್ತು. ಚಾಪೆಯ ಹೆಣಿಗೆ ಇಲ್ಲವಲ್ಲ ಎಂದು ನನಗೆ ಒಂದು ಕ್ಷಣ ಖಾಲಿ ಖಾಲಿ ಅನಿಸಿತು. ಆದರೆ ಮೇಲುಮೈಯ ಒಂದು ಅಂಚಿನಲ್ಲಿ ಸಾಲಾಗಿ ಏಳೆಂಟು ಪುಟ್ಟ ಕುಳಿಗಳಿದ್ದವು. ಮೂರು ದಿನವೂ ಗಳಿಗೆಗೊಮ್ಮೆ ಒತ್ತಿ ನೋಡಿದ ಬೆರಳಿನ ಗುರುತು.

"ಇದು ನಂದು," ಎಂದು ಆ ಅಂಚನ್ನೇ ಕೇಳಿದಳು. ಅಮ್ಮ ಕತ್ತರಿಸಿ ಕೊಟ್ಟರು. ಅವಳು ಅರ್ಧ ತಿಂದಳು, ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಎತ್ತಿಟ್ಟಳು. ಶಾಲೆ ಶುರುವಾದ ದಿನ ಗೆಳತಿಗೆ ಕೊಡುವುದಕ್ಕಂತೆ.